ಬಿಟ್ಟುಹೋದ ಕೊಕ್ಕೆ

ತೆಂಗಿನ ನಾರು ಕೊಳ್ಳಲು ಬರುತ್ತಿದ್ದ ಇಟಲಿಯ ಪಾವೊಲಾ ಮೇಡಮ್ ಅವರ ಕಾರು ಗುಬ್ಬಿ ಬಸ್ ಸ್ಟ್ಯಾಂಡ್ ದಾಟಿತೆಂದು ಫೋನ್ ಬಂದಾಗ ಅರುಣಾಗೆ ತಾನು ಅವರಿಗೆ ಕಳಿಸಿದ್ದ ಇ-ಮೇಲಿನಲ್ಲಿ ತಪ್ಪು ಕಂಡಿತು.

‘ನಮ್ಮಲ್ಲೇ ಒಬ್ಬರು ದುಭಾಷಿ ಅವ್ರೆ, ಯಾರನ್ನೂ ಕರ್ಕೊಂಡ್ ಬರೋದ್ ಬ್ಯಾಡ ಅಂತ ಬರಿಯಮ್ಮ’ ಎಂದಿದ್ದರು ನಾರಿನ ಕಾರ್ಖಾನೆಯ ಮಾಲೀಕ ಶಿವರಾಮಯ್ಯನವರು. ಆ ಒಬ್ಬರು ಅವಳೇ. ಹಗಲು ಅಲ್ಲೇ ಗುಮಾಸ್ತೆ ಕೆಲಸ, ವಾರಕ್ಕೆ ಮೂರು ಸಂಜೆ ತುಮಕೂರಿನಲ್ಲಿ ಇಟಾಲಿಯನ್ ಕ್ಲಾಸು. ಎರಡು ವರ್ಷ ಕಾದದ್ದು ಈ ದಿನಕ್ಕೇ. ಎಡವಿದರೆ ಮುಂದಿನ ಸಲ ಬೆಂಗಳೂರಿನವರನ್ನು ಕರೆಸುತ್ತೇನೆಂದು ಅವರು ಹೇಳಿಯೂ ಇದ್ದರು.

ಆ ಇ-ಮೇಲನ್ನು ನಾಲ್ಕು ಸಲ ತಿದ್ದಿದ್ದಳು. ಆದರೂ ‘ಉನ್ ಇಂತೆರ್‌ಪ್ರೆತೆ’ ಎಂಬಲ್ಲಿ ‘ಉನ್’ ಪಕ್ಕ ತಲೆಯ ಮೇಲೆ ಬರುವ ಅಪಾಸ್ಟ್ರಫಿಯ ಕೊಕ್ಕೆ ಬಿಟ್ಟುಹೋಗಿತ್ತು. ಕೊಕ್ಕೆ ಇದ್ದರೆ ದುಭಾಷಿ ಒಬ್ಬಳು, ಇಲ್ಲದಿದ್ದರೆ ಒಬ್ಬ. ‘ಒಬ್ಬರು’ ಎಂದೇ ಪಳಗಿದ ತಲೆಗೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಎದ್ದಿರಲಿಲ್ಲ.

ಕಾರಿನಿಂದಿಳಿದ ಪಾವೊಲಾ, ಎಳನೀರಿನ ತಟ್ಟೆ ಹಿಡಿದಿದ್ದ ಅರುಣಾಳನ್ನು ದಾಟಿ, ಇಸ್ತ್ರಿ ಅಂಗಿಯ ಸೂಪರ್‌ವೈಸರ್ ನಾಗಭೂಷಣನ ಕೈ ಕುಲುಕಿ ಇಟಾಲಿಯನ್ನಿನ ಮಳೆ ಸುರಿಸಿದರು. ಅವನು ‘ಯೆಸ್, ಯೆಸ್’ ಎಂದ.

‘ನೀನ್ಯಾಕ್ಲಾ ಕೋಲೆ ಬಸವನ್ ಥರ ತಲೆ ಆಡಿಸ್ತೀಯಾ?’ ಶಿವರಾಮಯ್ಯ ಗದರಿದರು.

‘ಅರುಣಕ್ಕ, ಬಿಡಿಸ್ಕೊಳ್ಳಿ ನನ್ನ. ಬೆವರ್ ಕಿತ್ಕೊಂತೈತೆ!’

ಅರುಣಾ ತಟ್ಟೆ ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದಳು. ಬಾಯಿ ತೆರೆದರೆ ಇನ್ನೆಷ್ಟು ತಪ್ಪು ಉದುರುತ್ತವೋ!

ಪಾವೊಲಾ ಕೈಚೆಲ್ಲಿ ಸುತ್ತ ನೋಡಿದರು. ‘ನೋನ್ ಚೆ ನೆಸ್ಸೂನೊ?’

ಯಾರೂ ಇಲ್ಲವೇ? ಇಟಾಲಿಯನ್ನಿನಲ್ಲೂ ‘ಯಾರೂ’ ಬಂದರೆ ಜೊತೆಗೆ ‘ಇಲ್ಲ’ ಬರಬೇಕು, ಥೇಟ್ ಕನ್ನಡದ ಹಾಗೆ. ಇಡೀ ವ್ಯಾಕರಣದಲ್ಲಿ ಅವಳು ಎಂದೂ ತಪ್ಪದ ಪಾಠ ಅದೊಂದೇ. ತಟ್ಟೆ ಕೆಳಗಿಟ್ಟಳು.

‘ಕ್ವಾಲ್‌ಕೂನೊ ಚೆ,’ ಎಂದಳು. ಯಾರೋ ಒಬ್ಬರು ಇದ್ದಾರೆ. ‘ಉನ್ ಇಂತೆರ್‌ಪ್ರೆತೆ.’

ಪಾವೊಲಾ ಮತ್ತೆ ನಾಗಭೂಷಣನತ್ತಲೇ ತಿರುಗಿದರು. ಹಾಳಾದ್ದು, ಕೊಕ್ಕೆ ಇದ್ದರೂ ಇಲ್ಲದಿದ್ದರೂ ಬಾಯಲ್ಲಿ ಎರಡೂ ಒಂದೇ! ಅವರ ಫೈಲಿನಿಂದ ಇಣುಕುತ್ತಿದ್ದ ತನ್ನ ಇ-ಮೇಲ್‌ನ ಪ್ರಿಂಟನ್ನು ಕೇಳಿ ಪಡೆದು, ಅರುಣಾ ಪೆನ್ನಿನಿಂದ ಪುಟ್ಟದೊಂದು ಕೊಕ್ಕೆ ಎಳೆದು ತನ್ನ ಎದೆ ಮುಟ್ಟಿ ತೋರಿಸಿದಳು.

ಪಾವೊಲಾ ಹಣೆ ಚಚ್ಚಿಕೊಂಡು ಜೋರಾಗಿ ನಕ್ಕರು.

‘ಏನಮ್ಮಾ ಗೀಚ್ದೆ?’ ಶಿವರಾಮಯ್ಯ ಗಾಬರಿಯಾದರು. ‘ಆರ್ಡರ್ ಗೀರ್ಡರ್ ಹೊಡೆದಾಕ್ಲಿಲ್ಲ ತಾನೆ?’

‘ಇಲ್ಲ ಸಾರ್. ನನ್ನನ್ನ ನಾನೇ ಹೆಂಗ್ಸು ಮಾಡ್ಕೊಂಡೆ.’

ಅಷ್ಟರಲ್ಲಿ ಪಾವೊಲಾ ತಮ್ಮ ಪಕ್ಕಕ್ಕೆ ಕುರ್ಚಿ ಎಳೆದು ಅರುಣಾಳನ್ನು ಕೂರಿಸಿದರು. ಎಳನೀರಿನ ತಟ್ಟೆಯನ್ನು ನಾಗಭೂಷಣನೇ ಎತ್ತಿಕೊಂಡ, ಬದುಕಿದೆ ಎನ್ನುವ ಮುಖದಲ್ಲಿ.