ಕನ್ನಡಿ ಇಲ್ಲದ ಆಕಾಶನೌಕೆ

ರಾಜರ ಧಾರಾವಾಹಿ ಮುಗಿದ ತಕ್ಷಣ ಅದೇ ಚಾನೆಲ್ಲಿನಲ್ಲಿ ಆಕಾಶನೌಕೆಯ ಧಾರಾವಾಹಿ ಶುರುವಾಗುತ್ತದೆ. ನಡುವೆ ಸೋಪಿನ ಜಾಹೀರಾತು ಬರದಿದ್ದರೆ ಒಂದು ಮುಗಿದು ಇನ್ನೊಂದು ಬಂದದ್ದು ತಿಳಿಯುವುದೇ ಇಲ್ಲ. ಅರಮನೆಯ ಕಂಬಗಳಿಗೇ ಬೆಳ್ಳಿ ಬಣ್ಣ ಬಳಿದು ನೌಕೆಯೊಳಗೆ ನಿಲ್ಲಿಸಿದ್ದಾರೆ. ಒಂದು ಕಂಬದ ಬುಡದಲ್ಲಿ ಸಿಂಹದ ಪಂಜ ಇನ್ನೂ ಹಾಗೇ ಉಳಿದಿದೆ. ಗಡ್ಡ ಬೋಳಿಸಿದರೆ ಮಂತ್ರಿಯೇ ವಿಜ್ಞಾನಿ. ಸಾವಿರಾರು ವರ್ಷ ದಾಟಲು ಅವನಿಗೆ ಒಂದು ಬ್ಲೇಡು ಸಾಕು.

ರಾಜರ ಕಾಲದಲ್ಲಿ ಯಾರಿಗೂ ಕೆಲಸವಿರಲಿಲ್ಲ ಎಂದು ಕಾಣುತ್ತದೆ. ಎಲ್ಲರೂ ಮೈತುಂಬ ಒಡವೆ ಹೇರಿಕೊಂಡು, ಸಾಲಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ರಾಣಿ ಒಂದು ಮಾತಾಡಿದರೆ ಸಾಕು, ಸಭೆಯಲ್ಲಿರುವ ಪ್ರತಿಯೊಬ್ಬರ ಮುಖವನ್ನೂ ಗುಡುಗಿನ ಸದ್ದಿನೊಂದಿಗೆ ತೋರಿಸುತ್ತಾರೆ. ಸೂರಿನಡಿಯಲ್ಲಿ ಗುಡುಗು ಎಲ್ಲಿಂದ ಬಂತೆಂದು ಒಬ್ಬರೂ ತಲೆಯೆತ್ತುವುದಿಲ್ಲ. ಯುದ್ಧ ಮುಗಿಸಿ ಬಂದ ರಾಜನ ಅಂಗಿಯ ಇಸ್ತ್ರಿ ಮುರಿದಿರುವುದಿಲ್ಲ. ನಾನು ದಿನವಿಡೀ ಚೀಲಗಳಿಗೆ ಜಿಪ್ಪು ಹೊಲಿಯುವವಳು. ರಾಣಿ ಬೆನ್ನು ತಿರುಗಿಸಿದರೆ ನನ್ನ ಕಣ್ಣಿಗೆ ಮೊದಲು ಬೀಳುವುದು ಅವಳ ಉಡುಪಿನ ಜಿಪ್ಪು.

ಮುಂದಿನ ಕಾಲದವರದ್ದು ಇನ್ನೂ ಚೆಂದ. ಅಷ್ಟು ದೊಡ್ಡ ನೌಕೆ, ಕಸ ಗುಡಿಸುವವರು ಒಬ್ಬರಿಲ್ಲ. ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ಎಳೆಯುವವನ ಬೆರಳು ಮಾತ್ರ ಸಂದಿಯಲ್ಲಿ ಕಾಣುತ್ತದೆ. ಅಪಾಯ ಬಂದಾಗ ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲುತ್ತಾರೆ, ಆಮೇಲೆ ಬಲಕ್ಕೆ. ಮೂಲೆಯಲ್ಲಿರುವ ಒಬ್ಬ ಯಾವಾಗಲೂ ತಡವಾಗಿ ವಾಲುತ್ತಾನೆ. ಮೇಜಿನ ಮೇಲಿನ ಲೋಟ ಅಲುಗುವುದೂ ಇಲ್ಲ.

ಇದನ್ನೆಲ್ಲ ನಾನು ಜೋರಾಗಿ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಓದು ಅರ್ಧಕ್ಕೆ ನಿಂತಾಗ, ಇನ್ನು ಎದ್ದು ನಿಂತು ಉತ್ತರ ಹೇಳುವ ಕಾಟ ತಪ್ಪಿತು ಎಂದೇ ಸಮಾಧಾನಪಟ್ಟವಳು ನಾನು. ಅತ್ತಿಗೆಯ ಕಿವಿಯಲ್ಲಿ ಹೇಳುತ್ತೇನೆ, ಅಷ್ಟೆ. ಅಣ್ಣ ಸಂಜೆಯ ಪಾಳಿಗೆ ಹೋದ ಮೇಲೆ ಟಿವಿಯ ಮುಂದೆ ನಾವಿಬ್ಬರೇ. ಅತ್ತಿಗೆ ಬಿದ್ದು ಬಿದ್ದು ನಕ್ಕು, ಅದನ್ನೇ ಪಕ್ಕದ ಮನೆಗೂ ಕೇಳುವಂತೆ ಇನ್ನೊಮ್ಮೆ ಹೇಳುತ್ತಾಳೆ. ನನಗೆ ಗುಮ್ಮನಗುಸಕಿ ಎಂದು ಹೆಸರಿಟ್ಟವಳೂ ಅವಳೇ.

ಆ ಸಂಜೆ ರಾಜರ ಧಾರಾವಾಹಿಯಲ್ಲಿ ಯುದ್ಧ ಮುಗಿದಿತ್ತು. ಬಯಲ ತುಂಬ ಹೆಣಗಳು. ರಾಜ ಅವುಗಳ ನಡುವೆ ನಡೆದು ಬಂದು ಸತ್ತ ತಮ್ಮನಿಗಾಗಿ ಅಳುತ್ತಿದ್ದ. ಅವನ ಕಾಲ ಬಳಿ ಒಬ್ಬ ದಪ್ಪ ಸೈನಿಕ ಅಂಗಾತ ಬಿದ್ದಿದ್ದ. ಮುಖದ ಮೇಲೆ ಗುರಾಣಿ ಇತ್ತು. ಹೊಟ್ಟೆ ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು.

"ಅವನು ಸತ್ತಿಲ್ಲ, ಊಟ ಮಾಡಿ ಮಲಗಿದಾನೆ," ಎಂದೆ ಅತ್ತಿಗೆಯ ಕಿವಿಯಲ್ಲಿ. "ಇನ್ನು ಸ್ವಲ್ಪ ಹೊತ್ತಿಗೆ ಗೊರಕೆ ಹೊಡೀತಾನೆ ನೋಡು."

ಅತ್ತಿಗೆ ನಗುತ್ತಾ ಬಾಗಿಲ ಕಡೆ ತಿರುಗಿದಳು. ಅಪ್ಪ ಯಾವಾಗಲೋ ಬಂದು, ಚಪ್ಪಲಿ ಬಿಟ್ಟು, ಅಲ್ಲೇ ನಿಂತಿದ್ದರು. "ಕೇಳಿ ಮಾವ, ಆ ಹೆಣ ಊಟ ಮಾಡಿ ಮಲಗಿದೆಯಂತೆ. ಗೊರಕೆನೂ ಹೊಡಿಯುತ್ತಂತೆ."

"ಗೊರಕೆ ಹೊಡೀಲಿಲ್ಲ," ಎಂದರು ಅಪ್ಪ. "ಆ ಬಿಸಿಲಲ್ಲಿ ಉಸಿರು ಹಿಡಿಯೋಕಾಗಲಿಲ್ಲ, ಅಷ್ಟೆ. ಅದು ನಾನೇ ಕಣಮ್ಮ."

ಟಿವಿಯಲ್ಲಿ ರಾಜ ಅಳುತ್ತಲೇ ಇದ್ದ. ಅತ್ತಿಗೆ ಬಾಯಿಗೆ ಕೈ ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ. "ನೀವು ಸತ್ತಿದ್ದು ನಮಗೆ ಹೇಳಲೇ ಇಲ್ವಲ್ಲ ಮಾವ."

ಅಪ್ಪ ನಗಲಿಲ್ಲ.

ಅವರು ಬಸ್ ಡ್ರೈವರ್ ಆಗಿದ್ದವರು. ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಲೈಸೆನ್ಸ್ ಹೋದ ಮೇಲೆ ಮನೆಯಲ್ಲಿ ಕೂರಲಾರದೆ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದರು. ಡಿಪೋದ ಹಳೆಯ ಸ್ನೇಹಿತರ ಹತ್ತಿರ ಹರಟೆಗೆ ಹೋಗುತ್ತಾರೆ ಎಂದುಕೊಂಡಿದ್ದೆವು. ಡಿಪೋದ ಹಿಂದಿನ ಸ್ಟುಡಿಯೋದವರು ಗುಂಪಿನಲ್ಲಿ ನಿಲ್ಲಲು ಜನ ಹುಡುಕುತ್ತಿದ್ದಾರೆಂದೂ, ಅಪ್ಪ ನೇರ ಅಲ್ಲಿಗೇ ಹೋಗುತ್ತಿದ್ದರೆಂದೂ ಅಂದು ಗೊತ್ತಾಯಿತು.

"ಇನ್ನೊಂದು ಪಾರ್ಟು ಸಿಕ್ಕಿದೆ," ಎಂದರು, ನಮ್ಮನ್ನು ನೋಡದೆ. "ಆಕಾಶದ್ದರಲ್ಲಿ. ನೌಕೆ ಓಡಿಸೋನು. ಒಂದು ಕಂತು ಮಾಡಿಸಿದಾರೆ, ಸೋಮವಾರ ಬರುತ್ತೆ. ಅವರಿಗೆ ಒಪ್ಪಿಗೆಯಾದ್ರೆ ಕೊನೇವರೆಗೂ ನಾನೇ ಡ್ರೈವರ್." ಆಮೇಲೆ ನನ್ನ ಕಡೆ ತಿರುಗಿದರು. "ನೀನು ನೋಡು. ಇದೇ ಥರ ನಗೋ ಹಾಗಿದ್ರೆ, ಅವರು ಕರೆದ್ರೂ ನಾನು ಹೋಗಲ್ಲ. ಅವಳ ಕಿವೀಲಿ ಹೇಳ್ಬೇಡ. ನನಗೆ ಹೇಳು."

ಸೋಮವಾರದವರೆಗೆ ನಾನು ಯಾವ ಧಾರಾವಾಹಿಯನ್ನೂ ಬೈಯಲಿಲ್ಲ. ಬೈಯದೆ ನೋಡಿದರೆ ಅವು ಎಷ್ಟು ಉದ್ದ ಎಂಬುದು ಆಗ ತಿಳಿಯಿತು. ಅಪ್ಪನ ಕಂತೇ ಬರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ. ಅಂದಿನಿಂದ ಅವರು ಊಟಕ್ಕೆ ಕೂತಾಗಲೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಸೋಮವಾರ ಅಪ್ಪ ಕುರ್ಚಿಗೆ ಬರಲಿಲ್ಲ. ಅಂದಿನ ಹಾಗೆಯೇ ಬಾಗಿಲ ಹತ್ತಿರ ನಿಂತರು.

ಟಿವಿಯಲ್ಲಿ ಅವರಿಗೆ ಬೆಳ್ಳಿ ಬಣ್ಣದ ಜಾಕೆಟ್ಟು ಹಾಕಿಸಿದ್ದರು. ಜಿಪ್ಪು ಹೊಟ್ಟೆಯವರೆಗೆ ಬಂದು ಅಲ್ಲೇ ನಿಂತಿತ್ತು. ಉಳಿದವರು ಎಂದಿನಂತೆ ಬಿಸಿ ಪಾತ್ರೆ ಮುಟ್ಟುವವರ ಹಾಗೆ ಗುಂಡಿಗಳನ್ನು ಒತ್ತುತ್ತಿದ್ದರು. "ಹೊರಡಲಿ," ಎಂದು ನಾಯಕ ಕೈ ಎತ್ತಿದ.

ಅಪ್ಪ ಹೊರಡಲಿಲ್ಲ. ಸೀಟಿನಲ್ಲಿ ಹಿಂದೆ ಸರಿದು ಕೂತರು. ಕಾಲಿನಲ್ಲಿ ಏನನ್ನೋ ತಡಕಿದರು. ಎದುರಿನ ಗಾಜನ್ನು ತೋಳಿನಿಂದ ಒರೆಸಿದರು. ಬಲಕ್ಕೆ ನೋಡಿದರು, ಅಲ್ಲಿ ಇದ್ದದ್ದು ಸಿಂಹದ ಪಂಜದ ಕಂಬ. ಎಡಕ್ಕೆ ನೋಡಿದರು, ಮತ್ತೆ ಬಲಕ್ಕೆ. ಕೈ ಎತ್ತಿದ ನಾಯಕ ಹಾಗೇ ಕಾಯುತ್ತಾ ನಿಂತಿದ್ದ. ಆಮೇಲಷ್ಟೇ ಅಪ್ಪ ನೌಕೆಯನ್ನು ತೆಗೆದರು. ಎಲ್ಲರೂ ಎಡಕ್ಕೆ ವಾಲಿದಾಗ ಅವರೊಬ್ಬರು ವಾಲಲಿಲ್ಲ, ತಿರುವಿನಲ್ಲಿ ಡ್ರೈವರ್ ಕೂರುವ ಹಾಗೆ ಗಟ್ಟಿಯಾಗಿ ಕೂತರು. ಪಕ್ಕದಲ್ಲಿ ಇನ್ನೊಂದು ನೌಕೆ ಬಂತು. ಅದಕ್ಕೆ ದಾರಿ ಬಿಡಲು ಅಪ್ಪ ಕೈಯನ್ನು ಹೊರಗೆ ಚಾಚಿದರು. ಕೈ ಗೋಡೆಗೆ ಬಡಿಯಿತು. ಇಡೀ ನೌಕೆ ಅಲುಗಿತು.

ಮೇಜಿನ ಮೇಲಿನ ಲೋಟ ಮೊದಲ ಸಲ ಅಲುಗಿದ್ದೂ ಆಗಲೇ.

ಅತ್ತಿಗೆ ಕಿವಿಯನ್ನು ನನ್ನ ಹತ್ತಿರ ತಂದಳು. ನಾನು ಅವಳನ್ನು ದಾಟಿ ಬಾಗಿಲ ಕಡೆ ನೋಡಿದೆ.

"ಆ ನೌಕೇಲಿ ಓಡಿಸೋಕೆ ಬರೋದು ನಿಮ್ಮೊಬ್ಬರಿಗೇ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಉಳಿದೋರನ್ನೆಲ್ಲ ಮೊದಲನೇ ಸ್ಟಾಪಲ್ಲೇ ಇಳಿಸಿಬಿಡಿ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನಕ್ಕಾದ್ರೆ ಹೆಣದ ಪಾರ್ಟೂ ಚೆನ್ನಾಗಿತ್ತು ಅಂತಿದ್ದೆ. ಅದು ದರಿದ್ರವಾಗಿತ್ತು."

ಅಪ್ಪನಿಗೆ ನಗು ಬಂತು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟರು. "ಡೈರೆಕ್ಟರು ಬೈದ," ಎಂದರು. "ಅತ್ತ ಇತ್ತ ನೋಡ್ಬೇಡ, ನಕ್ಷತ್ರ ನೋಡು ಅಂದ."

"ಕನ್ನಡಿ ನೋಡದೆ ಗಾಡಿ ತೆಗೀತೀರಾ ನೀವು?"

"ಜೀವಮಾನದಲ್ಲೇ ತೆಗೆದಿಲ್ಲ."

"ಹಾಗಾದ್ರೆ ಒಂದು ಕನ್ನಡಿ ಹಾಕಿಕೊಡೋಕೆ ಹೇಳಿ. ಅಷ್ಟೊಂದು ದೀಪ ಹಾಕಿದಾರೆ, ಕನ್ನಡಿಗೆ ಬರವಾ?"

ನಾನು ಕುಹಕಕ್ಕೆ ಅಂದದ್ದು. ಅಪ್ಪ ಹೋಗಿ ನಿಜಕ್ಕೂ ಹೇಳಿದರು. ಅವರನ್ನು ಇಟ್ಟುಕೊಂಡರು, ಕನ್ನಡಿಯನ್ನೂ ಹಾಕಿಕೊಟ್ಟರು. ಮುಂದಿನ ಕಂತಿನಲ್ಲಿ ಆಕಾಶನೌಕೆಯ ಬಲಗಡೆ ಒಂದು ಬಸ್ಸಿನ ಕನ್ನಡಿ ಇತ್ತು, ಅಂಚಿಗೆಲ್ಲ ಬೆಳ್ಳಿ ಕಾಗದ ಸುತ್ತಿ.

ಅದರೊಳಗೆ ಇಡೀ ಸ್ಟುಡಿಯೋ ಕಾಣುತ್ತಿತ್ತು. ಒಂದು ಫ್ಯಾನು, ನೇತಾಡುವ ವೈರುಗಳು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಒಬ್ಬ ಮನುಷ್ಯ.

"ಏನೇ ಗುಮ್ಮನಗುಸಕಿ, ಏನೂ ಇಲ್ವಾ?" ಎಂದು ಅತ್ತಿಗೆ ಮೊಣಕೈಯಿಂದ ತಿವಿದಳು. ಅವಳು ಇನ್ನೂ ನೋಡಿರಲಿಲ್ಲ.

ಅಪ್ಪ ಕುರ್ಚಿಯಿಂದ ಮುಂದೆ ಬಾಗಿ ಕಣ್ಣು ಕಿರಿದು ಮಾಡಿದರು. "ಕನ್ನಡೀಲಿ ಏನೋ ಕಾಣ್ತಿದೆಯಲ್ಲ. ಏನಮ್ಮ ಅದು?"

"ಹಿಂದೆ ಒಂದು ಗಾಡಿ ಬರ್ತಿದೆ ಅಪ್ಪ."

"ಅಲ್ವಾ ಮತ್ತೆ? ದಾರಿ ಬಿಡ್ತೀನಿ ನೋಡು."

ಟಿವಿಯಲ್ಲಿ ಅಪ್ಪ ಕನ್ನಡಿ ನೋಡಿ, ಗೋಡೆಗೆ ತಾಗದಂತೆ ಕೈ ಎತ್ತಿ, ಮುಂದೆ ಹೋಗು ಎಂದು ಸನ್ನೆ ಮಾಡಿದರು. ಕುರ್ಚಿಯವನು ಚಹಾ ಮುಗಿಸಿ, ಲೋಟವನ್ನು ಕುರ್ಚಿಯ ಕೆಳಗಿಟ್ಟ.