ಪಾತ್ರೆ ಪುಡಿ ಹಾಕಿ ತೊಳೆದ ಏಳು ಕಲ್ಲು

ಕುಕ್ಕರ್ ಮೂರನೇ ಸಲ ಕೂಗುವಷ್ಟರಲ್ಲಿ ನಾನು ಏಳು ಕಲ್ಲನ್ನೂ ತೊಳೆದು ಬಿಸಿಲಿಗೆ ಇಟ್ಟಿದ್ದೆ.

ಮಗಳು ಮೇಘಶ್ರೀ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ವೃತ್ತಿಪರ ಭೂವಿಜ್ಞಾನಿ ಎಂದು ನೋಂದಾಯಿಸಿಕೊಳ್ಳುವ ಅರ್ಜಿಗೆ ಅನುಭವಸ್ಥರೊಬ್ಬರ ಸಹಿ ಬೇಕು. ಹಾಸನದಲ್ಲಿ ಇಂಥ ಮಕ್ಕಳನ್ನು ತಯಾರು ಮಾಡುವವರು ನಿವೃತ್ತ ಭೂವಿಜ್ಞಾನಿ ಪಂಚಾಕ್ಷರಯ್ಯನವರು. ಅವತ್ತು ಹನ್ನೊಂದಕ್ಕೆ ಅವರ ಮನೆಯಲ್ಲಿ ಸಂದರ್ಶನ. ತಾನೇ ಅಲೆದು ತಂದ ಕಲ್ಲುಗಳನ್ನು ಮುಂದಿಟ್ಟು, ಯಾವುದು ಎಲ್ಲಿಯದು ಎಂದು ವಿವರಿಸಬೇಕು. ಅಷ್ಟು ದೊಡ್ಡವರ ಮುಂದೆ ಕೊಳೆ ಕಲ್ಲು ಇಡುವುದೇ?

ಸ್ನಾನ ಮುಗಿಸಿ ಬಂದ ಮೇಘಶ್ರೀ ಹಿತ್ತಿಲಲ್ಲಿ ಹಾಗೇ ನಿಂತಳು.

"ಅಮ್ಮಾ, ಇದ್ರ ಮೇಲೆ ನಂಬರ್ ಬರ್ದಿದ್ನಲ್ಲ?"

"ಬಿಳೀ ಬಣ್ಣ ಮೆತ್ಕೊಂಡಿತ್ತು ಕಣೆ, ಸುಣ್ಣ ಅನ್ಕೊಂಡೆ. ನಾರಲ್ಲಿ ಉಜ್ಜಿದ್ರೂ ಬಿಡ್ಲಿಲ್ಲ. ಆಮೇಲೆ ಪಾತ್ರೆ ಪುಡಿ ಹಾಕ್ದೆ."

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ದೊಡ್ಡತಾಯಮ್ಮ ತಲೆ ಎತ್ತಿದರು.

"ಅದ್ಕೆ ಯಾಕವ್ವ ಅಂಗ್ ಕೂತೆ? ತೊಳುದ್ರೆ ಕಲ್ಲು ಕರ್ಗೋಯ್ತದಾ?"

ಯಾವ ನಂಬರಿನ ಕಲ್ಲು ಎಲ್ಲಿಯದು, ಹೇಗಿದೆ ಎಂದು ಬರೆದಿಟ್ಟಿದ್ದ ನೋಟ್‌ಬುಕ್ ನೋಡಿ ನೋಡಿ ಮೇಘಶ್ರೀ ಐದು ಕಲ್ಲು ಗುರುತು ಹಿಡಿದಳು. ಒಂದರಲ್ಲಿ ದಾಳಿಂಬೆ ಬೀಜದಂಥ ಕೆಂಪು ಹರಳು. ಇನ್ನೊಂದು ಉಗುರಿಗೇ ಗೀಚಿಕೊಳ್ಳುವ ಬಳಪದ ಕಲ್ಲು. ಉಳಿದೆರಡು ಮಾತ್ರ ಅವಳಿ ಮಕ್ಕಳ ಹಾಗೆ, ಒಂದೇ ಕಪ್ಪು ಹಸಿರು. ಒಂದು ಹೊಳೆನರಸೀಪುರದ್ದು, ಒಂದು ಚನ್ನರಾಯಪಟ್ಟಣದ್ದು.

"ಯಾವ್ದಾದ್ರೂ ನಂಬರ್ ಆಕ್ಬುಡು," ಎಂದರು ಅತ್ತೆ. "ಕಲ್ಲೇನು ಬಾಯ್ ಬುಟ್ಟು 'ನಾನು ಅಲ್ಲೀದಲ್ಲ' ಅಂತದಾ?"

ತಪ್ಪು ನನ್ನದಾದ್ದರಿಂದ ನನಗೂ ಅದೇ ಸರಿ ಎನ್ನಿಸಿತು. ಮಗಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಹತ್ತೂವರೆಯಾಯಿತು. ಕಲ್ಲುಗಳನ್ನು ತರಕಾರಿ ಚೀಲಕ್ಕೆ ತುಂಬಿಕೊಂಡು ನಾನೂ ಹೊರಟೆ.

ಪಂಚಾಕ್ಷರಯ್ಯನವರು ಕಲ್ಲುಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು. "ಇಷ್ಟು ಫಳಫಳ ಹೊಳೆಯೋ ಸ್ಯಾಂಪಲ್ ನಾನು ಸರ್ವಿಸ್‌ನಲ್ಲೇ ನೋಡಿಲ್ಲ!"

ಐದಕ್ಕೆ ಮೇಘಶ್ರೀ ಪಟಪಟನೆ ಉತ್ತರಿಸಿದಳು. ಅವರು ಆರನೆಯದನ್ನು ಎತ್ತಿದರು. "ಇದು?"

ನಾನು ಖಾಲಿ ಚೀಲವನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದೆ.

"ಎಲ್ಲೀದು ಅಂತ ಗೊತ್ತಿಲ್ಲ ಸರ್. ಏಳನೇದೂ ಅಷ್ಟೇ. ನಂಬರ್ ಅಳಿಸೋಗಿದೆ."

"ಅಳಿಸಿದ್ದು ಯಾರು?"

"ನಾನು ಜೋಪಾನವಾಗಿ ಎತ್ತಿಡಬೇಕಿತ್ತು ಸರ್."

ಅಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಅವಳಲ್ಲ ಸರ್, ನಾನು! ಪಾತ್ರೆ ಪುಡಿ ಹಾಕಿ!" ಎಂದುಬಿಟ್ಟೆ.

ಒಳಗಿನಿಂದ ಅವರ ಹೆಂಡತಿ ನೀಲಗಂಗಮ್ಮ ಲೋಟ ಹಿಡಿದೇ ಓಡಿ ಬಂದರು. "ಯಾವ ಪುಡಿ ತಾಯಿ? ನಮ್ಮ ಮಂಚದ ಕೆಳಗೆ ಮೂವತ್ತು ವರ್ಷದ ಕಲ್ಲು ಬಿದ್ದಿವೆ."

"ಪುಡಿ ಹೆಸರು ಹೇಳಿದ್ರೆ ಸಹಿ ಹಾಕಲ್ಲ!" ಎಂದು ಪಂಚಾಕ್ಷರಯ್ಯ ಗಾಬರಿಯಾಗಿ ಕೂಗಿದರು. ಆಮೇಲೆ ಮಗಳ ಕಡೆ ತಿರುಗಿದರು. "ನೀನು ಊಹೆ ಮಾಡಿ ಊರು ಹೇಳಿದ್ದಿದ್ರೆ ಇವತ್ತೇ ವಾಪಸ್ ಕಳಿಸ್ತಿದ್ದೆ ಮಗು. ಈ ಕೆಲಸದಲ್ಲಿ ಗೊತ್ತಿಲ್ಲ ಅನ್ನೋಕೆ ಬರಬೇಕು. ಆ ಎರಡು ಹೊಸದಾಗಿ ತಗೊಂಡು ಸೋಮವಾರ ಬಾ, ಸಹಿ ಹಾಕ್ತೀನಿ."

ಭಾನುವಾರ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಅದರ ಮೇಲೆ ಸುತ್ತಿಗೆ. ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಬಂಡೆಯ ಹತ್ತಿರ ಕಲ್ಲು ಒಡೆದವಳು ಅವಳು, ನಂಬರ್ ಬರೆದದ್ದು ನಾನು. ಸೋಮವಾರ ಸಹಿಯಾಯಿತು.

ಕಲ್ಲುಗಳು ಈಗ ಅಡುಗೆಮನೆಯಿಂದ ದೂರ, ಬೀರುವಿನಲ್ಲಿವೆ. ಬೀಗದ ಕೈ ಅತ್ತೆಯ ಸೊಂಟದಲ್ಲಿದೆ.