ಇಲಿ ಸತ್ತ ವಾಸನೆ

ಅವರ ಮೂಗಿನ ಹೊಳ್ಳೆ ಒಂದು ಸಲ ಅರಳಿ ಮುಚ್ಚಿತು, ಅಷ್ಟೇ, ಬೇರೆ ಯಾರಿಗೂ ಕಾಣದಷ್ಟು, ಆದರೆ ಮೊಣಕಾಲೂರಿ ಕೂತವನಿಗೆ ಮೇಲಿನ ಮುಖ ಚೆನ್ನಾಗಿಯೇ ಕಾಣುತ್ತದೆ, ಈ ಚಪ್ಪಲಿ ಅಂಗಡಿಯಲ್ಲಿ ನಾನು ಮನುಷ್ಯರನ್ನು ನೋಡಿದ್ದೆಲ್ಲ ಕೆಳಗಿನಿಂದಲೇ, ಮೊದಲು ಗದ್ದ, ಆಮೇಲೆ ಮೂಗು, ಕಣ್ಣು ಬರುವಷ್ಟರಲ್ಲಿ ಅವರು ಬೇರೆ ಕಡೆ ನೋಡುತ್ತಿರುತ್ತಾರೆ — ಟೀಚರ್ ಇರಬೇಕು ಈ ಅಮ್ಮ, ಬೆರಳ ಸಂದಿಯಲ್ಲಿ ಸೀಮೆಸುಣ್ಣ ಇನ್ನೂ ಇದೆ, ಹಿಮ್ಮಡಿ ಸ್ವಲ್ಪ ಎತ್ತಿ ಅಮ್ಮಾ ಎಂದೆ, ಹಿಮ್ಮಡಿಯನ್ನೂ ಎತ್ತಿದರು, ಕರವಸ್ತ್ರವನ್ನೂ ಎತ್ತಿದರು, ಏನೋ ವಾಸನೆ ಅಲ್ವಾ ಇಲ್ಲಿ, ಹೊಸ ಚರ್ಮದ್ದು ಅಮ್ಮಾ, ಚರ್ಮದ್ದಲ್ಲಪ್ಪ, ಏನೋ ಸತ್ತಿದೆ. ಎಷ್ಟು ಸಲೀಸಾಗಿ ಹೇಳಿದರು, ಸತ್ತಿದೆ ಅಂತ. ಗಲ್ಲಾದ ಹಿಂದಿನಿಂದ ಯಜಮಾನರ ದನಿ ಬಂತು, ಇಲಿ ಮೇಡಂ ಇಲಿ, ಇಲಿಗೂ ನಮ್ಮ ಅಂಗಡಿ ಜೋಡೇ ಬೇಕು ನೋಡಿ, ಈಗ ತೆಗೆಸ್ತೀನಿ ಕೂತ್ಕೊಳ್ಳಿ, ಏಯ್ ಬಾ ಇಲ್ಲಿ, ಗುಡಿಸೋದು ಅಂದ್ರೆ ನಡುಮಧ್ಯ ಮಾತ್ರಾನಾ, ಮೂಲೆಗೆ ಏನು ಬೇರೆ ಆಳು ಇಡ್ಲಾ — ನಾವೆಲ್ಲ ಅಕ್ಕ ಅನ್ನುವ, ಯಜಮಾನರು ಮಾತ್ರ ಏಯ್ ಅನ್ನುವ ಕಸ ಗುಡಿಸುವ ಅಕ್ಕ ಪೊರಕೆ ಹಿಡಿದು ಬಂದಳು, ನಿನ್ನೆ ತಾನೇ ಎಲ್ಲ ಎಳೆದು ಒರೆಸಿದೀನಿ ಯಜಮಾನ್ರೇ, ಒರೆಸಿದ್ರೆ ಇದೇನು ಸೆಂಟು ವಾಸನೇನಾ, ಟೀಚರಮ್ಮ ನಕ್ಕರು, ನಾನೂ ನಕ್ಕೆ, ನಗುತ್ತಲೇ ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ, ಯಾಕೆಂದರೆ ಇಲಿ ಎಲ್ಲೂ ಸತ್ತಿಲ್ಲ, ಸಾಯುತ್ತಿರುವುದು ಈ ಬೂಟಿನೊಳಗಿದೆ, ಕಾಲುಚೀಲದೊಳಗೆ, ಬೆಳಿಗ್ಗೆ ನಾನೇ ಸುತ್ತಿದ ಹತ್ತಿಯೊಳಗೆ, ಅಂಗಾಲಿನಲ್ಲಿ ಹೆಬ್ಬೆರಳ ಬುಡಕ್ಕೆ, ಅದು ನನ್ನದು, ನನ್ನ ಮೂಗಿಗೆ ಬೆಳಿಗ್ಗೆಯೇ ಗೊತ್ತಾಗಿದೆ, ಗೊತ್ತಾಗದೇ ಇರುವುದು ಕಾಲಿಗೆ.

ಹೇಳಿಬಿಡು, ಈಗಲೇ, ಇಲಿ ಅಲ್ಲ ಅಂತ, ಒಂದು ಮಾತು — ಹೇಳಿದರೆ ಶುಗರ್ ಅನ್ನಬೇಕು, ಶುಗರಿಗೆ ಕಾಲು ಮರಗಟ್ಟಿದೆ ಅನ್ನಬೇಕು, ಶುಗರ್ ಅಂದರೆ ಇವತ್ತೇ ಕಡೆ ದಿನ, ಬೆಂಚಿನ ಮೇಲೆ ಸುಮ್ಮನೆ ಒಂದು ಗಳಿಗೆ ಕೂತದ್ದಕ್ಕೆ ನನ್ನ ಜೊತೆ ಕೆಲಸಕ್ಕಿದ್ದ ಗಡ್ಡದವನನ್ನು ಮನೆಗೆ ಕಳಿಸಿದ ಯಜಮಾನರು ಕೊಳೆತ ಕಾಲಿನವನನ್ನು ಇಟ್ಟುಕೊಳ್ಳುತ್ತಾರಾ, ಅಕ್ಕ ಒಂದೊಂದೇ ಕಪಾಟು ಎಳೆಯುತ್ತಿದ್ದಾಳೆ, ಡಬ್ಬಗಳನ್ನು ಇಳಿಸುತ್ತಿದ್ದಾಳೆ, ಮೂಸುತ್ತಿದ್ದಾಳೆ, ಒಬ್ಬ ಹೆಂಗಸು ನನ್ನ ಕಾಲನ್ನು ಹುಡುಕುತ್ತ ಅಂಗಡಿಯ ಮೂಲೆ ಮೂಲೆ ಮೂಸುತ್ತಿದ್ದಾಳೆ, ನಾನು ಟೀಚರಮ್ಮನ ಬೂಟಿನ ದಾರ ಕಟ್ಟುತ್ತಿದ್ದೇನೆ. ನನ್ನ ಕಾಲಲ್ಲಿರುವ ಈ ಜೋಡು ನನ್ನದೂ ಅಲ್ಲ, ಒಬ್ಬ ಬಸ್ ಡ್ರೈವರ್‌ನದ್ದು, ಕೊಂಡುಹೋಗಿ ಮಾರನೇ ದಿನವೇ ವಾಪಸ್ ತಂದಿದ್ದ, ಚುಚ್ಚುತ್ತೆ ಸಾರ್, ಒಳಗಡೆ ಏನೋ ಇದೆ, ಬ್ರೇಕ್ ಒತ್ತಿದಾಗೆಲ್ಲ ಜೀವ ಹೋಗುತ್ತೆ, ಯಜಮಾನರು ನನ್ನನ್ನು ಕರೆದರು, ನಮ್ಮ ಹುಡುಗನ ಕಾಲೂ ನಿಮ್ಮ ಅಳತೇನೇ, ಹಾಕ್ಕೊಂಡು ನಡೀಲಿ, ಚುಚ್ಚಿದ್ರೆ ಬೇರೆ ಕೊಡ್ತೀನಿ — ತಲೆ ನರೆತರೂ ನಾನು ಹುಡುಗನೇ ಇಲ್ಲಿ — ಹಾಕಿಕೊಂಡೆ, ಕನ್ನಡಿಯ ತನಕ ಹೋದೆ, ಬಂದೆ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಹೇಳೋ ಚುಚ್ಚುತ್ತಾ, ಇಲ್ಲ ಯಜಮಾನ್ರೇ, ಸರಿಯಾಗ್ ನೋಡಿ ಹೇಳು, ಇಲ್ಲ, ಹೂವಿನ ಹಾಗಿದೆ. ಹೂವಿನ ಹಾಗಿದೆ ಅಂದೆನಲ್ಲ, ಸುಳ್ಳು ಹೇಳಿದ್ದರೆ ಎಷ್ಟೋ ವಾಸಿಯಿತ್ತು, ಸುಳ್ಳಾದರೆ ನಾಲಿಗೆಯ ತಪ್ಪು, ಇದು ನಿಜವನ್ನೇ ಹೇಳಿದ್ದು, ನನ್ನ ಮಟ್ಟಿಗೆ ನಿಜ, ಡ್ರೈವರ್ ಮುಖ ಕೆಂಪಗಾಯಿತು, ಹಾಗಾದ್ರೆ ನನ್ನ ಕಾಲೇ ಸುಳ್ಳಾ ಎಂದ, ಯಾರೋ ಕಿಸಕ್ಕೆಂದರು, ನೀವೇ ಇಟ್ಕೊಳ್ಳಿ ನಿಮ್ಮ ಹೂವನ್ನ ಎಂದು ಹಳೇ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ, ಯಜಮಾನರು ಬೆನ್ನು ತಟ್ಟಿದರು, ತಗೋ, ನಿಂಗೇ ಇರಲಿ, ಮೈ ಬಗ್ಗಿಸಿ ಥ್ಯಾಂಕ್ಸ್ ಹೇಳಿದೆ, ಹೇಳಿದ್ದೇ ಹೇಳಿದ್ದು, ಹಾಕಿದ್ದೇ ಹಾಕಿದ್ದು. ಆಮೇಲೊಂದು ಸಂಜೆ ಬಚ್ಚಲಲ್ಲಿ ನೀರು ಕೆಂಪಗೆ ಹರಿಯಿತು, ಎಲ್ಲಿಂದ ಬಂತಪ್ಪ ಅಂತ ಕೈ ನೋಡಿಕೊಂಡೆ, ಮೊಣಕೈ ನೋಡಿಕೊಂಡೆ, ಕಡೆಗೆ ಅಂಗಾಲು, ಓಡಿಹೋಗಿ ಬೂಟಿನೊಳಗೆ ಕೈ ಹಾಕಿದರೆ ಮೊಳೆಯ ತುದಿ ಬೆರಳಿಗೆ ಚುಚ್ಚಿತು, ಅಮ್ಮಾ ಅಂದೆ, ಬೆರಳಿಗೆ ಎಷ್ಟು ಬೇಗ ಬಾಯಿ ಬಂತು, ಕಾಲು ಅಷ್ಟು ದಿನ ಅದನ್ನು ತುಳಿದುಕೊಂಡೇ ಸುಮ್ಮನಿತ್ತು, ನನ್ನ ಹಾಗೆ. ಮೊಳೆ ಬಡಿದು ಚಪ್ಪಟೆ ಮಾಡಿ ಮತ್ತೆ ಅದನ್ನೇ ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ.

ಹೆಂಡತಿಗೂ ಇಲ್ಲ, ಅವಳಿಗೆ ಹೇಗೆ ಹೇಳುವುದು, ಹೇಳಿದರೆ ಆ ಮೆತ್ತೆಯ ವಿಷಯವೂ ಬರುತ್ತದೆ — ಆಸ್ಪತ್ರೆಯ ಶುಗರ್ ಸಂಶೋಧನೆಗೆ ಹೆಸರು ಕೊಟ್ಟವರಿಗೆಲ್ಲ ಬೂಟಿನೊಳಗೆ ಇಡಲು ಒಂದೊಂದು ಜೊತೆ ತೆಳು ಮೆತ್ತೆ ಕೊಟ್ಟಿದ್ದರು, ಅದು ಎರಡೂ ಕಾಲಿನ ಬಿಸಿ ಅಳೆಯುತ್ತದಂತೆ, ಸಂಶೋಧನೆಯ ಹುಡುಗಿ ಎಷ್ಟು ಅಕ್ಕರೆಯಿಂದ ಹೇಳಿದ್ದಳು, ಅಂಕಲ್, ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಆಗ್ತಾ ಬಂದ್ರೆ ಒಳಗಡೆ ಏನೋ ಆಗ್ತಿದೆ ಅಂತ, ಹುಣ್ಣು ಏಳೋಕೆ ಮುಂಚೇನೇ ಫೋನಿಗೆ ಎಚ್ಚರಿಕೆ ಬರುತ್ತೆ, ಬಂದ ತಕ್ಷಣ ನೀವು ಕೂತ್ಕೋಬೇಕು, ಕಾಲಿಗೆ ಭಾರ ಬಿಡಬಾರದು, ನಮಗೆ ಒಂದು ಫೋನ್ ಮಾಡ್ಬೇಕು, ಅಷ್ಟೇ. ಅಷ್ಟೇ ಅಂತೆ. ಕೂತ್ಕೋಬೇಕಂತೆ. ಅಂಗಡಿ ತುಂಬ ಕೂರುವ ಜಾಗವೇ ಇದೆ ತಾಯಿ, ಕೆಂಪು ಬೆಂಚು, ಮೆತ್ತನೆ ಸ್ಟೂಲು, ಎಲ್ಲ ಬೇರೆಯವರ ಕುಂಡೆಗೆ, ನನಗೆ ಮೊಣಕಾಲೂರುವುದು ಇಲ್ಲವೇ ನಿಲ್ಲುವುದು, ನಡುವೆ ಇನ್ನೊಂದಿಲ್ಲ, ಸಿಹಿ ತಿಂತೀರಾ ಎಂದು ಕೇಳಿದಳು, ಸಿಗರೇಟು ಸೇದ್ತೀರಾ, ವ್ಯಾಯಾಮ ಮಾಡ್ತೀರಾ, ಮಾತ್ರೆ ಮರೀತೀರಾ, ಪುಟಗಟ್ಟಲೆ ಪ್ರಶ್ನೆ, ನಿಮ್ಮನ್ನ ಕೂರೋಕೆ ಬಿಡ್ತಾರಾ ಅಂತ ಒಂದೂ ಇಲ್ಲ, ರೋಗ ನನ್ನ ಬಾಯಿಯಿಂದ ಬಂತು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿ ಆಗಿದೆ, ಡಾಕ್ಟರು ಬಾಯಿ ಕಟ್ರೀ ಅನ್ನುತ್ತಾರೆ, ಭಾಮೈದ ಭಾವ ಬಂದ್ರು ಸಕ್ಕರೆ ಡಬ್ಬ ಮುಚ್ಚಿಡಿ ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ನಿಲ್ಲಿಸಿದವರ ಬಾಯನ್ನು ಯಾರೂ ಕಟ್ಟುವುದಿಲ್ಲ — ಸಿಟ್ಟು ಇದೆ, ಬೇಕಾದಷ್ಟಿದೆ, ಆದರೆ ಸಿಟ್ಟಿನ ಜಾಗದಲ್ಲಿ ನಾನು ಮಾಡಿದ್ದೇನು. ಫೋನು ಗುಂಯ್ ಎಂದಾಗೆಲ್ಲ ಯಜಮಾನರು ಯಾರೋ ಅದು ಗರ್ಲ್‌ಫ್ರೆಂಡಾ ಅನ್ನುತ್ತಿದ್ದರು, ಡ್ರೈವರ್‌ನ ಜೋಡಿನಲ್ಲಿ ಮೆತ್ತೆಗೆ ಜಾಗವೂ ಸಾಲಲಿಲ್ಲ, ವಾಪಸ್ ಕೊಡಲು ಹೋದರೆ ಆ ಹುಡುಗಿಯ ಮುಖ ನೋಡಬೇಕು, ಅಂಚು ಕತ್ತರಿಸಿ ಹೆಂಡತಿಯ ಬೂಟಿನೊಳಗೆ ತೂರಿಸಿದೆ, ಏನ್ರೀ ಇದು, ಮೆತ್ತನೆ ಮೆತ್ತೆ ಕಣೇ, ನಿಂಗೆ ಅಂತಾನೇ ತಂದೆ, ಅವಳು ಮನೆಯೊಳಗೇ ಎರಡು ಸುತ್ತು ನಡೆದು ನೋಡಿದಳು, ಇಷ್ಟು ವರ್ಷಕ್ಕೆ ನನ್ನ ಕಾಲಿನ ನೆನಪಾಯ್ತಲ್ಲ ನಿಮಗೆ, ನೆರೆಮನೆಯವಳಿಗೂ ತೋರಿಸಿ ಬಂದಳು. ಫೋನು ತೆಪ್ಪಗಾಯಿತು. ಮುಂದಿನ ಸಲ ಸಂಶೋಧನೆಯ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ಎರಡು ಕಾಲಿನ ಬಿಸಿಯ ಎರಡು ಗೆರೆ ತೋರಿಸಿದಳು, ಅಕ್ಕಪಕ್ಕದಲ್ಲೇ ಹೋಗುತ್ತಿದ್ದವು, ಗಂಡ ಹೆಂಡತಿ ಕೈ ಹಿಡಿದು ನಡೆದ ಹಾಗೆ, ಅಂಕಲ್, ನಮ್ಮ ಗುಂಪಲ್ಲೇ ನಿಮ್ಮ ಕಾಲು ಫಸ್ಟ್, ಬೂಟು ಬಿಚ್ಚಿ ಒಂದ್ಸಲ ನೋಡ್ಲಾ, ಇವತ್ತು ಅರ್ಜೆಂಟಿದೆಯಮ್ಮ ಎಂದೆ, ಕುಂಟದೆ ನಡೆದುಬಂದೆ, ಕುಂಟಬೇಕಾದರೂ ನೋಯಬೇಕಲ್ಲ.

ಟೀಚರಮ್ಮ ಕನ್ನಡಿಯ ಮುಂದೆ ನಿಂತು ಕಾಲು ತಿರುಗಿಸಿ ನೋಡುತ್ತಿದ್ದಾರೆ, ಕರವಸ್ತ್ರ ಇನ್ನೂ ಮೂಗಿನ ಮೇಲೇ ಇದೆ, ಯಜಮಾನರು ಸ್ಪ್ರೇ ಹಿಡಿದು ಗಾಳಿಗೆ ಹೊಡೆಯುತ್ತಿದ್ದಾರೆ, ಮಲ್ಲಿಗೆ ಮತ್ತು ಸಾವು ಎರಡೂ ಬೆರೆತು ಇನ್ನೂ ಹೊಲಸಾಗಿದೆ, ಏಯ್ ಬೆಂಚಿನ ಕೆಳಗೆ ನೋಡಿದ್ಯಾ, ಇವತ್ತು ಆ ಇಲಿ ಸಿಗಲಿಲ್ಲ ಅಂದ್ರೆ ನಿನ್ನ ಕಥೆ ಮುಗೀತು, ಅಕ್ಕ ನನ್ನ ಪಕ್ಕದಲ್ಲೇ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದಳು, ಬೆಂಚಿನ ಕೆಳಗೆ ತಲೆ ತೂರಿಸಿದಳು, ಅಲ್ಲಿಂದ ಅವಳಿಗೆ ಕಾಣುವುದು ನನ್ನ ಬೂಟು, ಎಳೆದುಕೊಳ್ಳಲು ಜಾಗವಿಲ್ಲ, ಹಿಂದೆ ಕಪಾಟು, ಅವಳ ಉಸಿರು ಒಮ್ಮೆ ನಿಂತದ್ದು ಕೇಳಿಸಿತು, ಬೂಟಿನ ಹೊಲಿಗೆ ಬಿಟ್ಟಲ್ಲಿ ಚರ್ಮ ಕಪ್ಪಗೆ ಒದ್ದೆಯಾಗಿದೆ, ನೆಲದ ಕಲ್ಲಿನ ಮೇಲೆ ಅದರ ಅಚ್ಚು, ಅಕ್ಕ ತನ್ನ ಒರೆಸುವ ಬಟ್ಟೆಯಿಂದ ಆ ಅಚ್ಚನ್ನು ಒರೆಸಿದಳು, ಬೇಗ, ಯಾರೂ ನೋಡದ ಹಾಗೆ, ತಮ್ಮಾ, ಎಂದಳು ಬೆಂಚಿನ ಕೆಳಗಿನಿಂದ, ಬಾಯಿ ಅಲ್ಲಾಡಿಸದೆ, ನಮ್ಮಮ್ಮಂಗೂ ಇದೇ ವಾಸನೆ ಬಂದಿತ್ತು, ಇವತ್ತೇ ಆಸ್ಪತ್ರೆಗೆ ಹೋಗು, ನಾಳೆ ಅನ್ನಬೇಡ. ನನ್ನ ಕಿವಿ ಕಾದು ಕೆಂಡವಾಯಿತು, ಬಿಸಿ ಅಳೆಯುವವರು ಅಲ್ಲಿ ಅಳೆಯಲಿ, ಏನಾಯ್ತೇ ಎಂದರು ಯಜಮಾನರು, ಅಕ್ಕ ಕೂಗಿದಳು, ಸಿಕ್ತು ಯಜಮಾನ್ರೇ.

ಏನು ಸಿಕ್ಕಿತು, ಏನೂ ಇಲ್ಲವಲ್ಲ ಅಲ್ಲಿ, ನಾನು ಬಗ್ಗಿ ನೋಡಿದೆ, ಬರೀ ನೆಲ, ಅವಳು ಬೂಟಿನ ಡಬ್ಬದೊಳಗಿನ ತೆಳು ಕಾಗದ ಎಳೆದುಕೊಂಡು ಅದರಲ್ಲಿ ಏನನ್ನೋ ಸುತ್ತುತ್ತಿದ್ದಾಳೆ, ಗಾಳಿಯನ್ನು, ಅಂಚು ಒಳಕ್ಕೆ ಮಡಿಸಿ, ಮೇಲೆ ಇನ್ನೊಂದು ಕಾಗದ, ಎದ್ದಳು, ಎರಡೂ ಕೈಯಲ್ಲಿ ಹಿಡಿದು, ಮೈಗೆ ತಾಗದ ಹಾಗೆ ಮುಂದೆ ಚಾಚಿ, ಥೂ ತೋರಿಸ್ಬೇಡ, ಮೇಡಂ ಆ ಕಡೆ ತಿರುಗಿ, ನಿನ್ನೆ ಒರೆಸಿದೀನಿ ಅಂದ್ಯಲ್ಲ, ಇದನ್ನೇನಾ ಒರೆಸಿದ್ದು, ತಪ್ಪಾಯ್ತು ಯಜಮಾನ್ರೇ, ತಪ್ಪಾಯ್ತು ಅಂದ್ರೆ ಹೋದ ಗಿರಾಕಿ ಬರ್ತಾರಾ, ಅದರ ಜೊತೆಗೆ ನೀನೂ ಹೋಗು, ನಾಳೆಯಿಂದ ಬರಬೇಡ. ಅಕ್ಕ ನಿಂತಳು. ಇಷ್ಟಾಗುತ್ತದೆ ಅಂತ ಅವಳೂ ಅಂದುಕೊಂಡಿರಲಿಲ್ಲ, ಮುಖದಲ್ಲಿ ಕಂಡಿತು, ಆದರೂ ಪೊಟ್ಟಣ ಬಿಚ್ಚಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ಬಾಯಿ ತೆರೆಯುತ್ತಿದ್ದೆ ಅಂತ ಈಗ ಅಂದುಕೊಳ್ಳುತ್ತಿದ್ದೇನೆ, ಅದು ಸುಳ್ಳು, ಬಾಯಿ ತೆರೆದೇ ಇತ್ತು, ಯಜಮಾನ್ರೇ ಎಂದೆ, ಏನೋ ಎಂದರು ಅವರು, ಟೀಚರಮ್ಮ ತಿರುಗಿದರು, ಅಕ್ಕ ಬಾಗಿಲಲ್ಲಿ ನಿಂತಳು, ಮೂರೂ ಮುಖ ನನ್ನ ಮೇಲೆ, ನಾಲಿಗೆಯ ಮೇಲೆ ಬಂದಿತ್ತು, ಇಲಿ ಅಲ್ಲ, ನನ್ನ ಕಾಲು — ಈ ಅಮ್ಮಂಗೆ ಇದ್ರಲ್ಲೇ ಒಂದು ಸೈಜ್ ದೊಡ್ಡದು ತೋರಿಸ್ಲಾ ಎಂದೆ. ತೋರಿಸು ಮತ್ತೆ, ಅದನ್ನ ಕೇಳ್ಬೇಕಾ. ಟೀಚರಮ್ಮ ಕರವಸ್ತ್ರ ಇಳಿಸಿದರು, ಹಾ, ಈಗ ಪರವಾಗಿಲ್ಲ, ಹೋಯ್ತು ವಾಸನೆ ಎಂದರು, ನಾನು ಅವರ ಕಾಲ ಬಳಿ ಕೂತಿದ್ದೇನೆ, ವಾಸನೆ ಅಲ್ಲೇ ಇದೆ, ಹೋಯಿತು ಅಂದರು, ಗಾಜಿನ ಆಚೆ ಅಕ್ಕ ರಸ್ತೆ ದಾಟುತ್ತಿದ್ದಾಳೆ, ಒಂದು ಗಾಡಿ ಹಾರ್ನ್ ಹೊಡೆಯಿತು, ಅವಳು ಕಾಗದದ ಪೊಟ್ಟಣವನ್ನು ಕೆಳಗೆ ಬಿಡಲಿಲ್ಲ, ಯಜಮಾನರು ನೋಡುತ್ತಿರಬಹುದು ಅಂತ ಭಾರ ಹಿಡಿದವಳ ಹಾಗೆ ನಡೆಯುತ್ತಿದ್ದಾಳೆ, ಹಿಮ್ಮಡಿ ಸ್ವಲ್ಪ ಎತ್ತಿ ಅಮ್ಮಾ, ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಒಳಗೆ ಏನೂ ಇಲ್ಲ, ಕಸದ ತೊಟ್ಟಿ ಬಂತು, ದಾಟಿದಳು, ಇನ್ನೂ ಹಿಡಿದೇ ಇದ್ದಾಳೆ, ಬೆಳ್ಳನೆ ಕಾಗದ, ಒಳಗೆ ಏನೂ ಇಲ್ಲ, ಎರಡೂ ಕೈಯಲ್ಲಿ